ಕೋತಿ ತೋಪಿನಲ್ಲಿ ಎರಡು ಕನ್ನಡಕಗಳು ಕೈಬಿಟ್ಟುಹೋದ ಬಗ್ಗೆ

ಮಾನ್ಯ ವಾಚಕ ಮಹಾಶಯರ ಸನ್ನಿಧಿಗೆ ವಿನಯಪೂರ್ವಕವಾಗಿ ಅರಿಕೆ ಮಾಡಿಕೊಳ್ಳುವುದೇನೆಂದರೆ, ಕಥೆ, ಪ್ರಬಂಧ ಮುಂತಾದವುಗಳನ್ನು ಬರೆದು ನನಗೆ ಅಭ್ಯಾಸವಿಲ್ಲ. ನಾನು ಈವರೆಗೆ ಬರೆದಿರುವುದೆಲ್ಲ ಕಚೇರಿಯ ಕಾಗದ. ಅದರಲ್ಲಿಯೂ ಮೊದಲ ಸಾಲು ಮತ್ತು ಕೊನೆಯ ಸಾಲು ಮಾತ್ರ ನನ್ನವು. ನಡುವಿನದನ್ನೆಲ್ಲ ನಮ್ಮ ಹೆಡ್ ಗುಮಾಸ್ತರು ಹೊಡೆದುಹಾಕಿ ಬೇರೆ ಬರೆಯುತ್ತಾರೆ. ನನ್ನ ಕೈಬರಹವನ್ನು ಕುರಿತು ಅವರು ಒಮ್ಮೆ "ಕೋಳಿ ಕೆದರಿದ ಹಾಗಿದೆ" ಎಂದು ಅಭಿಪ್ರಾಯಪಟ್ಟರು. ಸ್ವಲ್ಪ ಹೊತ್ತು ಯೋಚಿಸಿ, "ಕೋಳಿಗಾದರೆ ಒಂದು ಉದ್ದೇಶ ಇರುತ್ತೆ" ಎಂದು ತಾವೇ ತಿದ್ದುಪಡಿ ಮಾಡಿದರು. ಆದಕಾರಣ ಕಾಗುಣಿತದ ದೋಷ, ಕೈಬರಹದ ದೋಷ ಮತ್ತು ಇತರೆ ದೋಷಗಳನ್ನು ತಾವು ದೊಡ್ಡ ಮನಸ್ಸು ಮಾಡಿ ಮನ್ನಿಸಬೇಕೆಂದು ಮೊದಲೇ ಬೇಡಿಕೊಂಡು, ನಡೆದ ಸಂಗತಿಯನ್ನು ತಮ್ಮ ಅವಗಾಹನೆಗೆ ತರುತ್ತೇನೆ.

ನನ್ನ ಪತ್ನಿ ಜಯಮ್ಮನ ತಂಗಿ ಸಾವಿತ್ರಿಗೆ ಆ ವರ್ಷ ಗಂಡು ಹುಡುಕುತ್ತಿದ್ದರು. ಹುಡುಗಿ ಲಕ್ಷಣವಾಗಿದ್ದಾಳೆ. ಎಸ್.ಎಸ್.ಎಲ್.ಸಿ. ಪಾಸಾಗಿದ್ದಾಳೆ. ಅಡಿಗೆ ಬಲ್ಲಳು. ಇರುವ ಅಡಚಣೆ ಒಂದೇ, ಅವಳಿಗೆ ನಗು ಜಾಸ್ತಿ. ಅದು ಮುಗುಳ್ನಗೆಯಲ್ಲ. ಬೀದಿಯ ಕೊನೆಯ ಸೈಕಲ್ ಶಾಪಿನವನು ಪಂಪು ಹೊಡೆಯುವುದನ್ನು ನಿಲ್ಲಿಸಿ ಕತ್ತೆತ್ತಿ ನೋಡುವಂಥ ನಗು! ಈ ಹಿಂದೆ ಎರಡು ಸಲ ಗಂಡಿನ ಕಡೆಯವರು ಬಂದು, ಈ ನಗುವನ್ನು ಕೇಳಿ, ಉಪ್ಪಿಟ್ಟನ್ನು ಮಾತ್ರ ಪೂರ್ತಿ ಮುಗಿಸಿ, "ಊರಿಗೆ ಹೋಗಿ ಕಾಗದ ಬರೀತೀವಿ" ಎಂದು ಎದ್ದಿದ್ದರು. ಕಾಗದ ಬರಲೇ ಇಲ್ಲ. ಎರಡನೆಯ ಸಲವಂತೂ ನನ್ನ ಮಾವನವರು ಅಂಚೆಯವನ ಮುಖ ನೋಡುವುದನ್ನೇ ಬಿಟ್ಟರು. ಒಂದು ವಾರ ಸಾವಿತ್ರಿಯ ನಗು ಕೇಳಿಸದೆ ಮನೆ ಮನೆಯಂತಿರಲಿಲ್ಲ.

ಮೂರನೆಯ ಸಂಬಂಧ ತಿರುಮಕೂಡಲು ನರಸೀಪುರದ ಕಡೆಯದು. ಹುಡುಗ ಓವರ್ಸಿಯರ್. ಅವರಲ್ಲಿ ಮೊದಲು ಹಿರಿಯರು ಬಂದು ಹೆಣ್ಣು ನೋಡಬೇಕು. ಅವರು ಒಪ್ಪಿ ಎಲೆ ಅಡಿಕೆ ತೆಗೆದುಕೊಂಡರೆ ಮಾತು ಕೊಟ್ಟಂತೆ. ಹುಡುಗ ಬರುವುದೇನಿದ್ದರೂ ಆಮೇಲೆ. ಹಿರಿಯರೆಂದರೆ ಹುಡುಗನ ತಂದೆ ಕೆಂಚೇಗೌಡರು ಮತ್ತು ಗೌಡರ ಅಕ್ಕ ನಿಂಗಮ್ಮನವರು. ಇಬ್ಬರೂ ಭಾನುವಾರ ಬೆಳಗಿನ ಬಸ್ಸಿಗೆ ಬರುವವರಿದ್ದರು. ನಾಲ್ಕೂವರೆಗೆ ರಾಹುಕಾಲ ಹುಟ್ಟುವುದರಿಂದ ಅದಕ್ಕೆ ಮೊದಲೇ ಶಾಸ್ತ್ರ ಮುಗಿಯಬೇಕು. ಅಲ್ಲಿಯವರೆಗೆ ಅತಿಥಿಗಳನ್ನು ಬಸ್ ನಿಲ್ದಾಣದಿಂದಲೇ ಕರೆದುಕೊಂಡು ಊರು ಸುತ್ತಿಸುವ ಜವಾಬ್ದಾರಿಯನ್ನು, ಯಾರೂ ಕೇಳದಿದ್ದರೂ, ನಾನೇ ವಹಿಸಿಕೊಂಡೆ.

ಮಾವನವರು ನನ್ನ ಮುಖವನ್ನು ಬಹಳ ಹೊತ್ತು ನೋಡಿದರು.

"ಅಳಿಯಂದ್ರೆ, ನೀವೇನೂ ಜಾಸ್ತಿ ಮಾಡ್ಬೇಡಿ. ಬೆಟ್ಟಕ್ಕೆ ಕರ್ಕೊಂಡೋಗಿ. ಅಮ್ಮನವರ ದರ್ಶನ ಮಾಡ್ಸಿ. ನಾಲ್ಕು ಗಂಟೆಗೆ ಮನೆಗೆ ಕರ್ಕೊಂಡ್ ಬನ್ನಿ. ಅಷ್ಟೇ."

"ಅಪ್ಪ ಹೇಳಿದ್ದು ಕೇಳಿಸ್ತಾ?" ಎಂದಳು ಜಯಮ್ಮ. "ಅಷ್ಟೇ ಅಂದ್ರೆ ಅಷ್ಟೇ ಕಣ್ರೀ. ನೀವು ಅದಕ್ಕೆ ಬಾಲ ಸೇರಿಸ್ಬೇಡಿ."

ಬಾಲ ಸೇರಿದ್ದು ನನ್ನಿಂದಲ್ಲ ಎಂಬುದನ್ನು ಈ ಮೂಲಕ ಸ್ಪಷ್ಟಪಡಿಸುತ್ತೇನೆ. ಸೇರಿಸಿದವರು ಬಾಲವುಳ್ಳವರೇ.

ಬೆಟ್ಟದ ದರ್ಶನವು ಸಾಂಗವಾಗಿ ನೆರವೇರಿತು. ಪೂಜೆಯಾಯಿತು, ಬುತ್ತಿಯೂ ಖಾಲಿಯಾಯಿತು. ದುರದೃಷ್ಟವಶಾತ್ ಎಲ್ಲವೂ ಬೇಗ ಮುಗಿದು, ಮಧ್ಯಾಹ್ನಕ್ಕೇ ಬೆಟ್ಟ ಇಳಿದುಬಿಟ್ಟೆವು. ಇನ್ನೂ ಹೊತ್ತಿತ್ತು. ತಪ್ಪಲಿನಲ್ಲಿ ಆಗ ಒಂದು ಸಣ್ಣ ಪ್ರಾಣಿವನವಿತ್ತು. ಜಿಂಕೆ, ನವಿಲು, ಮುಳ್ಳುಹಂದಿಗಳು ಬೇಲಿಯ ಒಳಗೆ. ಕೋತಿಗಳು ಮಾತ್ರ ಎಲ್ಲಿ ಬೇಕಾದರೂ ಓಡಾಡಿಕೊಂಡಿದ್ದವು. ಜನ ಅದನ್ನು ಕೋತಿ ತೋಪು ಎಂದೇ ಕರೆಯುತ್ತಿದ್ದರು. ದೇಶಕ್ಕೆ ಸ್ವಾತಂತ್ರ್ಯ ಬಂದು ಕೆಲವು ವರ್ಷಗಳಾಗಿದ್ದವಷ್ಟೆ. ಸದರಿ ಕೋತಿಗಳು ನಮಗಿಂತ ಬಹಳ ಮುಂಚೆಯೇ ಅದನ್ನು ಪಡೆದುಕೊಂಡಿದ್ದವು.

"ಇದನ್ನು ನೋಡದೆ ಮೈಸೂರು ನೋಡಿದಂತೆ ಆಗುವುದಿಲ್ಲ," ಎಂದು ನಾನು ಗೌಡರಿಗೆ ನಿವೇದಿಸಿದೆ.

ನಿಂಗಮ್ಮನವರಿಗೆ ಆನಂದವಾಯಿತು. ಬಾಗಿಲಲ್ಲೇ ಒಂದು ಚಿಪ್ಪು ರಸಬಾಳೆಹಣ್ಣು ಕೊಂಡು ಸೆರಗಿನಲ್ಲಿ ಕಟ್ಟಿಕೊಂಡರು. ಗೌಡರು ಮಾತ್ರ ಒಳಗೆ ಕಾಲಿಡುವ ಮುನ್ನ ತಮ್ಮ ದಪ್ಪ ಗಾಜಿನ ಕನ್ನಡಕವನ್ನು ಒರೆಸಿ ಹಾಕಿಕೊಂಡು, "ಕಚ್ತಾವಾ?" ಎಂದು ಕೇಳಿದರು.

"ತಮಗೆ ಆ ಚಿಂತೆಯೇ ಬೇಡ. ಕೋತಿಯ ಕಣ್ಣಿನಲ್ಲಿ ಕಣ್ಣಿಟ್ಟು ನೋಡಬೇಕು. ಮನುಷ್ಯನ ದೃಷ್ಟಿಯನ್ನು ಅದು ತಾಳಲಾರದು. ತಕ್ಷಣ ತಲೆ ತಗ್ಗಿಸುತ್ತದೆ."

ಈ ಮಾಹಿತಿಯನ್ನು ನನಗೆ ಒದಗಿಸಿದವರು ನಮ್ಮ ಟಪಾಲು ವಿಭಾಗದ ಮಿತ್ರರು. ಅವರು ಹೇಳಿದ್ದು ಕೋತಿಯ ವಿಷಯವೋ, ಹುಲಿಯ ವಿಷಯವೋ, ಅಥವಾ ನಮ್ಮ ಮೇಲಧಿಕಾರಿಗಳ ವಿಷಯವೋ ಎಂಬುದು ನನಗೆ ಖಚಿತವಾಗಿ ನೆನಪಿರಲಿಲ್ಲ.

ಕೊಳದ ಪಕ್ಕದ ಕಲ್ಲುಬೆಂಚಿನ ಮೇಲೆ ಒಂದು ದೊಡ್ಡ ಗಡವ ಕೋತಿ ಕುಳಿತಿತ್ತು. ಕುಳಿತ ಭಂಗಿ ನೋಡಿದರೆ ನಿವೃತ್ತರಾದ ಅಮಲ್ದಾರರಂತಿತ್ತು. ಗೌಡರು ನನ್ನ ಸಲಹೆಯನ್ನು ಶಿರಸಾವಹಿಸಿ ಅದರ ಮುಂದೆ ನಿಂತು ದೃಷ್ಟಿಸಿದರು.

"ಎಲ್ಲಿ, ಇದರ ಕಣ್ಣೇ ಸರ್ಯಾಗಿ ಕಾಣಾಕಿಲ್ವಲ್ಲ."

"ಸ್ವಲ್ಪ ಹತ್ತಿರ ಹೋಗಿ," ಎಂದೆ.

ಗೌಡರು ಬಗ್ಗಿದರು.

"ಇನ್ನೂ ಸ್ವಲ್ಪ."

ಇನ್ನೂ ಬಗ್ಗಿದರು. ಕೋತಿ ತಲೆ ತಗ್ಗಿಸಲಿಲ್ಲ. ಕೈ ಎತ್ತಿತು. ಮರುಕ್ಷಣ ಗೌಡರ ಕನ್ನಡಕವು ಕೊಳದ ಮೇಲೆ ಚಾಚಿದ್ದ ಮರದ ಕೊಂಬೆಯಲ್ಲಿತ್ತು!

ನಾನು ಕೈಯಲ್ಲಿದ್ದ ಕೊಡೆ ಎತ್ತಿದೆ. ಕೊಡೆ ಮೇಲೇಳುವಷ್ಟರಲ್ಲಿ ನಿಂಗಮ್ಮನವರು ನನ್ನ ರಟ್ಟೆ ಹಿಡಿದುಕೊಂಡಿದ್ದರು.

"ಅಯ್ಯೋ ಪಾಪಿ! ಇಳ್ಸು ಕೊಡೇನ! ಯಾರ ಮ್ಯಾಕೆ ಕೈ ಎತ್ತಿದೀಯ ಅನ್ನೋ ಗ್ಯಾನ ಐತಾ ನಿಂಗೆ? ಆಂಜನೇಯಸ್ವಾಮಿ ಕಣಪ್ಪ ಅವರು!"

ಅಲ್ಲಿಯವರೆಗೆ ನಿಂಗಮ್ಮನವರು ನನ್ನನ್ನು 'ನೀವು' ಎಂದೇ ಕರೆಯುತ್ತಿದ್ದರು. ಆ ಕ್ಷಣದಿಂದ ಸದರಿ ಗೌರವವು ಕೋತಿಗೆ ವರ್ಗವಾಯಿತು.

"ಸ್ವಾಮೀ, ನನ್ ತಮ್ಮ ಪಾಪದೋನು. ಹೆಣ್ ನೋಡಾಕೆ ಬಂದವ್ನೆ. ಕೊಟ್ಬುಡಿ ನನ್ನಪ್ಪಾ," ಎಂದು ಅವರು ಮರದ ಕಡೆ ಸೆರಗೊಡ್ಡಿ ಬೇಡಿದರು. ಸೆರಗಿನಿಂದ ಬಾಳೆಹಣ್ಣುಗಳು ಉರುಳಿ, ಅವು ನೆಲ ಮುಟ್ಟುವ ಮೊದಲೇ ಸ್ವಾಮಿಯವರ ಪರಿವಾರದಿಂದ ಸ್ವೀಕೃತವಾದವು. ಸ್ವಾಮಿಯವರು ಒಂದು ಕೈಯಲ್ಲಿ ಹಣ್ಣು ತಿನ್ನುತ್ತ, ಇನ್ನೊಂದು ಕೈಯಲ್ಲಿ ಕನ್ನಡಕವನ್ನು ಹಿಡಿದು ಗಾಜನ್ನು ನೆಕ್ಕಿ ನೋಡಿದರು. ರುಚಿಸಲಿಲ್ಲವೆಂದು ಕಾಣುತ್ತದೆ.

"ನೀನು ಓದ್ದೋನಲ್ವಾ? ಆಪೀಸಿನಾಗೆ ಇರೋನು. ನೀನೂ ಒಂದ್ ಮಾತು ಕೇಳು," ಎಂದರು ನಿಂಗಮ್ಮನವರು.

ನಾನು ಕೊಡೆಯನ್ನು ಕಂಕುಳಲ್ಲಿ ಸಿಕ್ಕಿಸಿ ಕೈಮುಗಿದೆ. ಮೇಲಿನವರ ಮುಂದೆ ನಿಂತರೆ ನನ್ನ ಬಾಯಿಂದ ಹೊರಡುವ ಭಾಷೆ ಒಂದೇ.

"ಮಹಾಸ್ವಾಮಿಯವರಲ್ಲಿ ವಿಜ್ಞಾಪನೆ. ಸದರಿ ಕನ್ನಡಕವು ತಮ್ಮ ಉಪಯೋಗಕ್ಕೆ ಬರತಕ್ಕದ್ದಲ್ಲವಾದ್ದರಿಂದ, ಕೃಪೆಯಿಟ್ಟು ಅದನ್ನು ಮೂಲ ಹಕ್ಕುದಾರರಿಗೆ ಹಿಂದಿರುಗಿಸಿ ಕೊಡಬೇಕಾಗಿ ಪ್ರಾರ್ಥನೆ."

ಕೋತಿ ಕತ್ತು ವಾಲಿಸಿ ಕೇಳಿತು. ನನ್ನ ಮಾತನ್ನು ಕಚೇರಿಯಲ್ಲಿ ಯಾರೂ ಅಷ್ಟು ಗಮನವಿಟ್ಟು ಕೇಳಿದ್ದಿಲ್ಲ. ಪೂರ್ತಿ ಕೇಳಿದ ಮೇಲೆ, ಅಧಿಕಾರಿಗಳು ಮಾಡುವಂತೆಯೇ, ಆಕಳಿಸಿತು.

ಅಷ್ಟರಲ್ಲಿ ತೋಪಿನ ಕಾವಲುಗಾರ ಬೀಡಿ ಸೇದುತ್ತ ಬಂದ. ಅವನ ಮುಖದಲ್ಲಿ ಕನಿಕರಕ್ಕಿಂತ ಅಭಿಮಾನವೇ ಹೆಚ್ಚಾಗಿತ್ತು.

"ಅದು ಕೊಡಾಕಿಲ್ಲ ಬುಡಿ ಬುದ್ಧಿ. ಹೋದ್ ತಿಂಗಳು ಯಾರದೋ ಹಲ್ಲಿನ ಸೆಟ್ಟು ಹೊತ್ಕೊಂಡೋಗಿ, ಅದರಾಗೆ ಹುರಿಗಡ್ಲೆ ಕುಟ್ಟಿ ಕುಟ್ಟಿ ತಿಂತಾ ಇತ್ತು. ಬದ್ಲಿಗೆ ಏನಾರ ತೋರ್ಸಿ. ಮನಸ್ ಬಂದ್ರೆ ಬುಡ್ತದೆ."

ಬದಲಿಗೆ! ನನ್ನ ತಲೆಯಲ್ಲಿ ಮಿಂಚು ಹೊಳೆಯಿತು. ನಮ್ಮ ಕಚೇರಿಯಲ್ಲಿ ಒಂದು ಕಟ್ಟುನಿಟ್ಟಾದ ಪದ್ಧತಿಯಿದೆ. ಹೊಸ ನಿಬ್ಬು ಬೇಕಾದರೆ ಹಳೆಯ ನಿಬ್ಬನ್ನು ಒಪ್ಪಿಸಬೇಕು. ಹಳೆಯದನ್ನು ಒಪ್ಪಿಸದೆ ಹೊಸದು ಪಡೆದ ಗುಮಾಸ್ತ ನಮ್ಮ ಕಚೇರಿಯ ಚರಿತ್ರೆಯಲ್ಲೇ ಇಲ್ಲ. ಕನ್ನಡಕಕ್ಕೆ ಸರಿಯಾದ ಬದಲಿ ಎಂದರೆ ಕನ್ನಡಕವೇ. ನಾನು ನನ್ನ ಸ್ವಂತ ಕನ್ನಡಕವನ್ನು ತೆಗೆದು, ಕೊಡೆಯ ತುದಿಗೆ ಸಿಕ್ಕಿಸಿ, ಕೊಂಬೆಯ ಹತ್ತಿರಕ್ಕೆ ಚಾಚಿದೆ.

"ಏನ್ ಮಾಡ್ತಾ ಇದೀರಿ?" ಎಂದು ಗೌಡರು ಗಾಬರಿಯಿಂದ ಕೇಳಿದರು.

"ವಿನಿಮಯ. ಹಳೆಯದನ್ನು ಒಪ್ಪಿಸಿ ಹೊಸದನ್ನು ಪಡೆಯತಕ್ಕದ್ದು."

ಕೋತಿ ಹೊಸದನ್ನು ಪಡೆಯಿತು. ಹಳೆಯದನ್ನು ಒಪ್ಪಿಸಲಿಲ್ಲ. ರಶೀದಿಯನ್ನೂ ಕೊಡಲಿಲ್ಲ!

ಅಲ್ಲಿಂದ ಮುಂದೆ ನಡೆದದ್ದನ್ನು ನಾನು ಕಣ್ಣಾರೆ ಕಂಡಿಲ್ಲ, ಏಕೆಂದರೆ ನನಗೆ ಏನೂ ಕಾಣುತ್ತಿರಲಿಲ್ಲ. ಕೊಳದಲ್ಲಿ ಬುಳುಕ್ ಎಂದಿತು. ಸ್ವಲ್ಪ ಹೊತ್ತು ಬಿಟ್ಟು ಮತ್ತೊಮ್ಮೆ ಬುಳುಕ್ ಎಂದಿತು.

"ಏನಾಯಿತು?" ಎಂದು ಗೌಡರೂ ನಾನೂ ಒಟ್ಟಿಗೆ ಕೇಳಿದೆವು.

"ಸ್ವಾಮಿಯವರು ಎರಡನ್ನೂ ಗಂಗಮ್ಮಂಗೆ ಒಪ್ಪಿಸ್ಬುಟ್ರು," ಎಂದು ನಿಂಗಮ್ಮನವರು ಭಕ್ತಿಯಿಂದ ವರದಿ ಮಾಡಿದರು.

ಗೌಡರು ಬೈಯಲಿಲ್ಲ. ಬೈದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಜಟಕಾ ಹತ್ತಿ ಕುಳಿತ ಮೇಲೆ ನಿಧಾನವಾಗಿ ಹೇಳಿದರು.

"ಹೆಣ್ ನೋಡಾಕೆ ಬಂದೋನು ನಾನು. ಈಗ ಯಾವುದ್ರಲ್ಲಿ ನೋಡ್ಲಿ? ಕನ್ನಡ್ಕ ಇಲ್ದಿದ್ರೆ ನಂಗೆ ಎತ್ತು ಯಾವ್ದು, ಎಮ್ಮೆ ಯಾವ್ದು ಗೊತ್ತಾಗಾಕಿಲ್ಲ. ನೋಡ್ದೆ ಒಪ್ಕೊಂಡೆ ಅಂತ ಮಗನ ಮುಂದೆ ಎಂಗೆ ಹೇಳ್ಲಿ?"

ಭಾನುವಾರವಾದ್ದರಿಂದ ಕನ್ನಡಕದ ಅಂಗಡಿಗಳೂ ಮುಚ್ಚಿದ್ದವು. ಸಾವಿತ್ರಿಯ ಮೂರನೆಯ ಸಂಬಂಧವೂ ಕೊಳದ ತಳದಲ್ಲಿ ಕುಳಿತಂತೆ ನನಗೆ ಭಾಸವಾಯಿತು. ಈ ಸಲ ಅವಳು ನಕ್ಕಿರಲಿಲ್ಲ. ಪಾಪ, ಮನೆಯಲ್ಲಿ ತಲೆ ಬಾಚಿಕೊಂಡು, ತುಟಿ ಬಿಗಿದು ಕಾಯುತ್ತಿದ್ದಳು.

"ಹುಡುಗಿಯನ್ನು ಹತ್ತಿರದಿಂದ ತೋರಿಸುವ ವ್ಯವಸ್ಥೆ ಮಾಡೋಣ," ಎಂದೆ.

"ಕೋತಿನೂ ಹತ್ರದಿಂದ್ಲೇ ತೋರ್ಸಿದ್ರಿ," ಎಂದರು ಗೌಡರು.

ನಾನು ಮತ್ತೆ ಬಾಯಿ ತೆರೆಯಬೇಕಾಗಿ ಬಂದದ್ದು ಚಾಮುಂಡಿಪುರದಲ್ಲಿ, ಮಾವನವರ ಬೀದಿ ಸಿಕ್ಕಾಗ. ಆ ಬೀದಿಯ ಮನೆಗಳೆಲ್ಲ ಒಂದೇ ಅಚ್ಚಿನವು. ಕನ್ನಡಕವಿದ್ದಾಗಲೇ ನಾನು ಎಣಿಸಿಕೊಂಡು ಹೋಗುತ್ತಿದ್ದೆ.

"ಯಾವ ಮನೆ ಸಾಮಿ?" ಎಂದ ಜಟಕಾದವನು.

"ಅದೇನಯ್ಯ, ಬಾಗಿಲಿಗೆ ಹಸಿರು ತೋರಣ ಕಟ್ಟಿದೆಯಲ್ಲ!"

"ತೋರಣ ಎಲ್ಲೈತೆ ಸಾಮಿ? ಯಾರೋ ಸೀರೆ ಒಣಗಾಕವ್ರೆ."

"ನನ್ನ ಮಾವನ ಮನೆ ನನಗೆ ಗೊತ್ತಿಲ್ಲವೇ? ನಿಲ್ಲಿಸು!"

ನಿಲ್ಲಿಸಿದ. ನಾನು ಗೌಡರ ಕೈ ಹಿಡಿದು ಮುಂದೆ ನಡೆದೆ. ಗೌಡರು ನನ್ನ ಕೈ ಹಿಡಿದಿದ್ದರು. ಯಾರು ಯಾರನ್ನು ನಡೆಸುತ್ತಿದ್ದೆವೆಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಹೊಸ್ತಿಲು ದಾಟಿ, "ಅತ್ತೆಯವರೇ, ಬೀಗರು ಬಂದರು!" ಎಂದು ಗಟ್ಟಿಯಾಗಿ ಕೂಗಿದೆ. ಗೌಡರು ಗೋಡೆಗೆ ನೇತುಹಾಕಿದ್ದ ಒಂದು ಕೋಟಿಗೆ ಕೈಮುಗಿದು, "ಚೆನ್ನಾಗಿದೀರಾ?" ಎಂದು ವಿಚಾರಿಸಿದರು.

ಒಳಗಿನಿಂದ ಬಂದವರು ಒಂದು ಕ್ಷಣ ಸುಮ್ಮನೆ ನಿಂತರು. ಆಮೇಲೆ ಬಹಳ ಸಿಹಿಯಾದ ದನಿಯಲ್ಲಿ, "ಬನ್ನಿ, ಬನ್ನಿ, ಕೂತ್ಕೊಳಿ. ನಿಮ್ಮಂಥೋರು ನಮ್ಮನೆಗೆ ಬರೋದು ಅಂದ್ರೆ ಪುಣ್ಯ," ಎಂದರು. ನಮ್ಮ ಅತ್ತೆಯವರು ಇಷ್ಟು ಸಿಹಿಯಾಗಿ ಮಾತನಾಡಿದ್ದನ್ನು ನಾನು ಕೇಳಿರಲಿಲ್ಲ. ಬೀಗರ ಮುಂದೆ ಹಾಗೆಯೇ ಮಾತನಾಡಬೇಕಷ್ಟೆ ಎಂದುಕೊಂಡೆ.

ಒಬ್ಬ ಹುಡುಗಿ ಮಜ್ಜಿಗೆ ತಂದುಕೊಟ್ಟಳು.

"ಏನವ್ವಾ ನಿನ್ ಹೆಸ್ರು?" ಎಂದರು ಗೌಡರು.

"ರತ್ನ," ಎಂದಿತು ಸಣ್ಣ ದನಿ.

ನಗಬಾರದೆಂದು ಸಾವಿತ್ರಿಗೆ ತಾಕೀತು ಮಾಡಿದ್ದು ನನಗೆ ಗೊತ್ತಿತ್ತು. ಹೆಸರನ್ನೂ ಬದಲಾಯಿಸಿಕೊಳ್ಳಲು ಹೇಳಿದ್ದಾರೆಂದು ಗೊತ್ತಿರಲಿಲ್ಲ! ಆದರೂ ಮನೆಯವರ ಮುಂಜಾಗ್ರತೆಯನ್ನು ಮನಸ್ಸಿನಲ್ಲೇ ಮೆಚ್ಚಿಕೊಂಡೆ.

"ಹುಡ್ಗಿ ಲಕ್ಷಣವಾಗವ್ಳೆ ಕಣೋ ಕೆಂಚ. ಮಾತೂ ಕಮ್ಮಿ," ಎಂದರು ನಿಂಗಮ್ಮನವರು.

"ನೀನ್ ನೋಡಿದ್ರೆ ನಾನ್ ನೋಡ್ದಂಗೇ ಅಕ್ಕ. ಅಂಗಾರೆ ಆಗ್ಬೋದು," ಎಂದರು ಗೌಡರು.

ಮರುಮಾತಿಲ್ಲದೆ ಎಲೆ ಅಡಿಕೆಯ ತಟ್ಟೆ ಬಂತು. ಗೌಡರು ಗಾಳಿಯಲ್ಲಿ ತಡವರಿಸುತ್ತ ಕೈ ಚಾಚಿದರು. ನಾನು ಸಂತೋಷದಿಂದ ಅವರ ಕೈಯನ್ನು ಹಿಡಿದು ತಟ್ಟೆಯ ಕಡೆಗೆ ತಿರುಗಿಸಿದೆ. ಆ ಹೊತ್ತಿಗೆ ಸರಿಯಾಗಿ ಕಾಂಪೌಂಡಿನ ಆಚೆಯಿಂದ ನನಗೆ ಚಿರಪರಿಚಿತವಾದ ಧ್ವನಿಯೊಂದು ಕೇಳಿಸಿತು.

"ರೀ! ಅಲ್ಲೇನ್ರೀ ಮಾಡ್ತಾ ಇದೀರ? ಅದು ಚೌಡಮ್ಮನೋರ ಮನೆ ಕಣ್ರೀ! ನಮ್ಮನೆ ಈ ಕಡೆ!"

ಈ ಸಂದರ್ಭದಲ್ಲಿ ಚೌಡಮ್ಮನವರ ಬಗ್ಗೆ ಎರಡು ಮಾತು ಅವಶ್ಯಕ. ಅವರು ಪಕ್ಕದ ಮನೆಯವರು. ಒಂದು ನುಗ್ಗೆಮರದ ಕೊಂಬೆ ಯಾರಿಗೆ ಸೇರಬೇಕೆಂಬ ವಿಚಾರದಲ್ಲಿ ಅವರಿಗೂ ನಮ್ಮ ಅತ್ತೆಯವರಿಗೂ ವರ್ಷಗಳಿಂದ ಮಾತಿರಲಿಲ್ಲ. ಮತ್ತು ಅವರ ಮಗಳು ರತ್ನನಿಗೂ ಗಂಡು ಹುಡುಕುತ್ತಿದ್ದರು. ಮನೆಬಾಗಿಲಿಗೆ ತಾನಾಗಿ ಬಂದ ಸಂಬಂಧವನ್ನು ಯಾರು ತಾನೇ ಬೇಡವೆನ್ನುತ್ತಾರೆ? ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ಮಾಡುತ್ತಿದ್ದೆ. ಆದರೆ ಅಷ್ಟು ಚುರುಕಾಗಿ ಮಾಡಲು ನನ್ನಿಂದ ಆಗುತ್ತಿರಲಿಲ್ಲ.

ನನ್ನ ಜೀವಮಾನದಲ್ಲಿ ಸಕಾಲಕ್ಕೆ ಮಾಡಿದ ಏಕೈಕ ಕೆಲಸವನ್ನು ಆಗ ಮಾಡಿದೆ. ತಟ್ಟೆಯ ಮೇಲೆ ಬಿದ್ದೆ.

ಅಡಿಕೆಗಳು ಮೂಲೆ ಮೂಲೆಗೂ ಉರುಳಿದವು. ಚೌಡಮ್ಮನವರು, "ಇವರಿಗೇನು ಮೂರ್ಛೆ ರೋಗವಾ?" ಎಂದರು. ಈ ಗೊಂದಲದಲ್ಲಿ ಜಯಮ್ಮ ಒಳನುಗ್ಗಿ, ಗೌಡರನ್ನೂ ನಿಂಗಮ್ಮನವರನ್ನೂ ನಯವಾಗಿ ಎಬ್ಬಿಸಿ, ನನ್ನನ್ನು ಅಷ್ಟು ನಯವಿಲ್ಲದೆ ಎಬ್ಬಿಸಿ, ಪಕ್ಕದ ಮನೆಗೆ ಸಾಗಿಸಿದಳು.

ಮಾವನವರ ನಡುಮನೆಯಲ್ಲಿ ಎಲ್ಲರೂ ಕುಳಿತೆವು. ರಾಹುಕಾಲಕ್ಕೆ ಇನ್ನು ಸ್ವಲ್ಪವೇ ಹೊತ್ತು. ಮಾವನವರು ಗೋಡೆಯ ಗಡಿಯಾರ ನೋಡುತ್ತಿದ್ದರೋ ನನ್ನನ್ನು ನೋಡುತ್ತಿದ್ದರೋ ನನಗೆ ಕಾಣಲಿಲ್ಲ. ಅದು ಆ ದಿನ ಕೋತಿ ನನಗೆ ಮಾಡಿದ ಒಂದೇ ಉಪಕಾರ.

"ಇದು ಎರಡ್ನೇ ಹೆಣ್ಣಾ?" ಎಂದು ಗೌಡರು ದಣಿದ ದನಿಯಲ್ಲಿ ಕೇಳಿದರು. "ಒಂದಕ್ಕೇ ಅಂತ ಬಂದಿದ್ವಿ."

ಜಯಮ್ಮ ನನ್ನ ಕಡೆ ತಿರುಗಿದಳು.

"ನಿಮ್ಮ ಕನ್ನಡಕ ಎಲ್ರೀ?"

"ಕೊಟ್ಟೆ."

"ಯಾರಿಗೆ?"

"ಕೋತಿಗೆ. ಕೊಡೆಯ ತುದಿಗೆ ಸಿಕ್ಕಿಸಿ."

"ಯಾಕೆ?"

"ಗೌಡರ ಕನ್ನಡಕವನ್ನು ವಾಪಸು ಪಡೆಯುವ ಸಲುವಾಗಿ."

"ಬಂತಾ?"

"ಇಲ್ಲ. ಪದ್ಧತಿಯಂತೆ ಬರಬೇಕಾಗಿತ್ತು. ನಿಬ್ಬಿನ ವಿಷಯದಲ್ಲಿ..."

ಅಡಿಗೆಮನೆಯ ಬಾಗಿಲ ಹಿಂದೆ ಮೊದಲು ಒಂದು ಸಣ್ಣ ಸದ್ದಾಯಿತು. ಬಾಯಿಗೆ ಸೆರಗು ತುರುಕಿಕೊಂಡವರ ಸದ್ದು. ಆಮೇಲೆ ಸೆರಗು ಸಾಲಲಿಲ್ಲ. ಸಾವಿತ್ರಿಯ ನಗು ಬಾಗಿಲು ದಾಟಿ, ನಡುಮನೆ ದಾಟಿ, ಬೀದಿಗೆ ಬಿತ್ತು! "ಭಾವ ಕೋತಿಗೆ... ಕೊಡೆ ತುದೀಲಿ... ನಿಬ್ಬು..." ಎಂದು ಒಂದೊಂದೇ ಮಾತು ನಗುವಿನ ನಡುವೆ ತೇಲಿಬಂತು.

ಮಾವನವರು ಕಣ್ಣು ಮುಚ್ಚಿಕೊಂಡರೆಂದು ಜಯಮ್ಮ ಆಮೇಲೆ ಹೇಳಿದಳು. ಅತ್ತೆಯವರು, "ಅದು... ಕೆಮ್ಮು. ಹುಡುಗಿಗೆ ಎರಡು ದಿನದಿಂದ ಸ್ವಲ್ಪ ಕೆಮ್ಮು," ಎಂದರು.

"ಇದು ಕೆಮ್ಮಾ?" ಎಂದು ಗೌಡರು ನಗು ಬಂದ ಕಡೆಗೆ ಮುಖ ತಿರುಗಿಸಿದರು. "ಇಂಥಾ ಕೆಮ್ಮು ನಮ್ಮೂರ ಕಡೆ ಇಲ್ಲ ಕಣಮ್ಮ."

ಅವರ ಹೆಗಲು ಅಲುಗಿತು. ಮಧ್ಯಾಹ್ನದಿಂದ ತಡೆದಿದ್ದ ಕೋಪ ಈಗ ಬಂತು ಎಂದುಕೊಂಡು ಕಾಲು ಹಿಂದಕ್ಕೆಳೆದುಕೊಂಡೆ. ಬಂದದ್ದು ಕೋಪವಲ್ಲ.

"ಹಳೇದು ಒಪ್ಸಿ... ಹೊಸದು ತಕೋ ಅಂತಾರೆ... ಕೋತಿಗೆ!" ಎಂದು ಗೌಡರು ತೊಡೆ ತಟ್ಟಿಕೊಂಡು ನಗತೊಡಗಿದರು. "ನಾನು ಆಗ್ಲಿಂದ ತಡ್ಕೊಂಡಿದ್ದೆ ಕಣಮ್ಮ. ಬೀಗರ ಅಳಿಯ, ನಗಬಾರ್ದು ಅಂತ. ಈ ಮಗು ತಡ್ಕೊಳ್ಲಿಲ್ಲ ನೋಡು!"

ಅವರು ನಗುವುದನ್ನು ಕೇಳಿ ಸಾವಿತ್ರಿಗೆ ಇನ್ನೂ ನಗು ಬಂತು. ಅವಳದ್ದನ್ನು ಕೇಳಿ ಅವರಿಗೆ ಇನ್ನೂ. ನಿಂಗಮ್ಮನವರು ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ ನಕ್ಕರು. ನಗದೆ ಕುಳಿತವನು ನಾನೊಬ್ಬನೇ. ವಿಷಯವು ನನಗೆ ಸಂಬಂಧಪಟ್ಟಿದ್ದರಿಂದ ನಾನು ಅದರಲ್ಲಿ ಭಾಗವಹಿಸುವುದು ಉಚಿತವಾಗಿರಲಿಲ್ಲ.

ಕೊನೆಗೆ ಗೌಡರು ಉಸಿರು ಹಿಡಿದುಕೊಂಡು ಹೇಳಿದರು. "ನಮ್ಮೋಳು ಹೋದ್ ಮ್ಯಾಲೆ ನಮ್ಮನೇಲಿ ನಾನು, ನಮ್ಮಕ್ಕ, ಮಗ, ಮೂರು ಜನ ಮುಖ ಮುಖ ನೋಡ್ಕೊಂಡು ಉಂಡು ಏಳ್ತೀವಿ. ಮಗನೋ ಸೇತುವೆ ಬಿಟ್ರೆ ಬೇರೆ ಮಾತಾಡಾಕಿಲ್ಲ. ಪಕ್ಕದ ಮನೆ ಮಗೂನೂ ಒಳ್ಳೇದೇ, ದೇವ್ರು ಅದಕ್ಕೂ ಒಳ್ಳೇದು ಮಾಡ್ಲಿ. ಆದ್ರೆ ನಮ್ಮನೆಗೆ ಈ ಕೆಮ್ಮೇ ಬೇಕು. ಅಕ್ಕ, ನೀನೇನಂತೀಯ?"

"ನಾನೇನನ್ಲಿ? ಸ್ವಾಮಿಯವರು ಕನ್ನಡ್ಕ ಯಾಕೆ ಕಿತ್ಕೊಂಡ್ರು ಅಂತ ಈಗ ಗೊತ್ತಾಯ್ತು. ಕಣ್ಣಲ್ಲಿ ನೋಡ್ಬ್ಯಾಡ, ಕಿವೀಲಿ ಕೇಳು ಅಂದ್ರು," ಎಂದು ನಿಂಗಮ್ಮನವರು ಬೆಟ್ಟದ ದಿಕ್ಕಿಗೆ ಕೈಮುಗಿದರು.

ರಾಹುಕಾಲಕ್ಕೆ ಮೊದಲು ಎಲೆ ಅಡಿಕೆ ಸರಿಯಾದ ಮನೆಯಲ್ಲಿ ಸರಿಯಾದ ಕೈ ಸೇರಿತು. ಈ ಸಲ ತಟ್ಟೆಯನ್ನು ನನ್ನಿಂದ ಆದಷ್ಟು ದೂರದಲ್ಲಿ ಇಟ್ಟಿದ್ದರು.

ಮದುವೆ ಸುಸೂತ್ರವಾಗಿ ನಡೆಯಿತು. ಸಂಬಂಧ ಕೂಡಿಸಿದ ಕೀರ್ತಿ ಯಾರಿಗೆಂಬ ಪ್ರಶ್ನೆ ಬಂದಾಗ ಎರಡು ಕುಟುಂಬದ ಹಿರಿಯರೂ ಏಕಾಭಿಪ್ರಾಯದಿಂದ ಅದನ್ನು ಕೋತಿಗೆ ಕೊಟ್ಟರು. ಬೆಳಗಿನಿಂದ ಸಂಜೆಯವರೆಗೆ ಪ್ರಯಾಸಪಟ್ಟ ನನ್ನ ಹೆಸರನ್ನು ಯಾರೂ ಎತ್ತಲಿಲ್ಲ. ಎತ್ತಲು ಅವರಿಗೆ ಈಗ ನನ್ನ ಹೆಸರು ನೆನಪೂ ಇಲ್ಲ. ಸಾವಿತ್ರಿಯ ಗಂಡನ ಊರಿನಲ್ಲಿ ಬಸ್ಸಿಳಿದು ನಾನು ನನ್ನ ಹೆಸರು, ಹುದ್ದೆ, ಕಚೇರಿ ಎಲ್ಲ ಹೇಳಿದರೂ ಜನ ಕಣ್ಣು ಪಿಳಿಪಿಳಿ ಬಿಡುತ್ತಾರೆ. "ಕೋತಿ ಭಾವ" ಎಂದರೆ ಸಾಕು, ದನ ಕಾಯುವವರೂ ಮನೆಬಾಗಿಲವರೆಗೆ ಬಂದು ಬಿಟ್ಟುಹೋಗುತ್ತಾರೆ.

ಇಷ್ಟು ಸಂಗತಿಯನ್ನು ವಾಚಕ ಮಹಾಶಯರ ಮುಂದೆ ಇಟ್ಟಿದ್ದೇನೆ. ಬರಹದಲ್ಲಿ ತಪ್ಪುಗಳು ಕಂಡುಬಂದಲ್ಲಿ ದಯಮಾಡಿ ತಿದ್ದಿಕೊಂಡು ಓದಬೇಕಾಗಿ ಪ್ರಾರ್ಥನೆ. ನನ್ನಲ್ಲಿಯೇ ಇರುವ ತಪ್ಪುಗಳನ್ನು ತಿದ್ದುವ ಕೆಲಸವನ್ನು ನನ್ನ ಪತ್ನಿಯು ಮದುವೆಯಾದಂದಿನಿಂದ ಖುದ್ದಾಗಿ ನಿರ್ವಹಿಸುತ್ತಿರುವುದರಿಂದ, ಆ ಬಗ್ಗೆ ತಾವು ಶ್ರಮ ತೆಗೆದುಕೊಳ್ಳಬೇಕಾದ ಅವಶ್ಯಕತೆ ಇರುವುದಿಲ್ಲ.